ಇಂಟರ್‌ನೆಟ್ ಕಾಲದ ಕೃತಿಸ್ವಾಮ್ಯ: ಹಾಸನ, ಚಿಕ್ಕಮಗಳೂರು ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬರಹಗಾರರು, ಗಾಯಕರು, ಫೋಟೊಗ್ರಾಫರ್‌ಗಳು, ಶಿಕ್ಷಕರು ಮತ್ತು ಗ್ರಂಥಪಾಲಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪುಟವನ್ನು ಸಿದ್ಧಪಡಿಸಲಾಗಿದೆ. ಇಲ್ಲಿನ ಉತ್ತರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನೋಟಿಸ್ ಈಗಾಗಲೇ ಕೈಸೇರಿದ್ದರೆ ಕಾಗದಪತ್ರ ಸಮೇತ ವಕೀಲರನ್ನು ಕಾಣುವುದೇ ಸರಿ. ಕಾಯ್ದೆ ಹೇಗೆ ಬದಲಾಗಬೇಕು ಎಂಬ ವಿಷಯದಲ್ಲಿ ನಮಗೊಂದು ನಿಲುವಿದೆ, ಅದನ್ನು ಮುಚ್ಚಿಟ್ಟಿಲ್ಲ.

1957ರಲ್ಲಿ ಮಾಡಿದ ಕಾಯ್ದೆಗೆ ಇಂಟರ್‌ನೆಟ್ ಎಲ್ಲಿಂದ ಗೊತ್ತಿರಬೇಕು?

ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರದು, ಜಾರಿಗೆ ಬಂದದ್ದು 1958ರ ಜನವರಿ 21ರಂದು ಎಂಬುದು ನಿಜ. ಆದರೆ ಅದು ಅಂದಿನಂತೆಯೇ ಉಳಿದಿಲ್ಲ; 1983, 1984, 1992, 1994, 1999 ಮತ್ತು 2012ರಲ್ಲಿ ತಿದ್ದುಪಡಿಗೊಂಡಿದೆ. 2012ರ ತಿದ್ದುಪಡಿಯನ್ನಂತೂ ಇಂಟರ್‌ನೆಟ್ಟನ್ನು ಕಣ್ಣಮುಂದೆ ಇಟ್ಟುಕೊಂಡೇ ಮಾಡಲಾಯಿತು. ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧವೆಂದು ಸಾರಿದ 65ಎ ಕಲಂ, ಕೃತಿಕಾರನ ಹೆಸರು ಮುಂತಾದ ಗುರುತುಗಳನ್ನು ತಿಳಿದೂ ತಿಳಿದೂ ಅಳಿಸುವುದನ್ನು ದಂಡನೀಯವಾಗಿಸಿದ 65ಬಿ ಕಲಂ, ಜಾಲತಾಣಗಳು ದೂರು ಬಂದಾಗ ಏನು ಮಾಡಬೇಕೆಂಬ ನಿಯಮ, ಇವೆಲ್ಲ ಆಗಲೇ ಸೇರಿದವು. ಡಿಜಿಟಲ್ ಕಾಲದ ಹಕ್ಕುಗಳಿಗಾಗಿ 1996ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಭಾರತ 2018ರಲ್ಲಿ ಸೇರಿತು. ಹಾಗಾಗಿ ಈ ಕಾಯ್ದೆಗೆ ಇಂಟರ್‌ನೆಟ್ ಗೊತ್ತಿಲ್ಲ ಎನ್ನುವುದಕ್ಕಿಂತ, 2012ರ ಇಂಟರ್‌ನೆಟ್ ಮಾತ್ರ ಗೊತ್ತಿದೆ ಎನ್ನುವುದು ಹೆಚ್ಚು ಸರಿ.

ನನ್ನ ಬರಹವನ್ನು ನೋಂದಣಿ ಮಾಡಿಸದಿದ್ದರೆ ಹಕ್ಕು ಇರುವುದಿಲ್ಲವೇ?

ಇರುತ್ತದೆ. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಅದೊಂದು ಸಾಕ್ಷ್ಯ ಮಾತ್ರ. ಸಾಹಿತ್ಯ ಕೃತಿಯೊಂದರ ಶುಲ್ಕ 500 ರೂಪಾಯಿ, ಅರ್ಜಿಯನ್ನು ಆನ್‌ಲೈನ್‌ನಲ್ಲಿಯೇ ಸಲ್ಲಿಸಬಹುದು.

ನಾನು ಮುಳ್ಳಯ್ಯನಗಿರಿಯಲ್ಲಿ ತೆಗೆದ ಫೋಟೊವನ್ನು ಒಂದು ಹೋಮ್‌ಸ್ಟೇ ತನ್ನ ಜಾಹೀರಾತಿಗೆ ಹಾಕಿಕೊಂಡಿದೆ. ಏನು ಮಾಡಬಹುದು?

ಮೊದಲು ನೋಡಬೇಕಾದದ್ದು ಫೋಟೊ ಯಾರಿಗಾಗಿ ತೆಗೆದದ್ದು ಎಂಬುದನ್ನು. ನಿಮ್ಮ ಪಾಡಿಗೆ ಬೆಟ್ಟ ಹತ್ತಿ ತೆಗೆದಿದ್ದರೆ ಕೃತಿಕಾರರೂ ನೀವೇ, ಮೊದಲ ಒಡೆಯರೂ ನೀವೇ. ಆದರೆ ಹಣ ಕೊಟ್ಟು ಒಬ್ಬರು ತೆಗೆಸಿದ ಫೋಟೊ ಆಗಿದ್ದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, 17ನೇ ಕಲಮಿನ ಪ್ರಕಾರ ಹಣ ಕೊಟ್ಟವರೇ ಮೊದಲ ಒಡೆಯರಾಗುತ್ತಾರೆ. ಮದುವೆ ಫೋಟೊಗ್ರಾಫರ್‌ಗಳಲ್ಲಿ ಬಹುಮಂದಿ ಇದನ್ನು ನಂಬುವುದೇ ಇಲ್ಲ. ತಾವು ತೆಗೆದ ಮದುವೆ ಫೋಟೊ ತಮ್ಮದೇ ಎಂದುಕೊಂಡು ಸ್ಟುಡಿಯೊದ ಪೇಜಿಗೆ ಹಾಕುತ್ತಾರೆ. ಕಾನೂನು ಹೇಳುವುದು ಅದಕ್ಕೆ ತಿರುಗಾಮುರುಗಾ. ಹಕ್ಕು ಯಾರದೆಂದು ಬುಕಿಂಗ್ ರಸೀದಿಯಲ್ಲಿ ಒಂದು ಸಾಲು ಬರೆದುಕೊಂಡರೆ ಈ ತಕರಾರು ಇರುವುದಿಲ್ಲ.

ಫೋಟೊ ನಿಮ್ಮದೇ ಎಂದಾದರೆ, ಜಗಳಕ್ಕೆ ಇಳಿಯುವ ಮೊದಲು ಸಾಕ್ಷ್ಯ ಕಟ್ಟಿಕೊಳ್ಳಿ. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು, ಅದರೊಳಗಿನ ದಿನಾಂಕ ಮತ್ತು ಲೆನ್ಸ್ ವಿವರಗಳು ಅಳಿಯದಂತೆ, ಹಾಗೇ ಇಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಒಮ್ಮೆ ಕಳುಹಿಸಿ ಮರಳಿ ಇಳಿಸಿಕೊಂಡ ಪ್ರತಿ ಈ ಕೆಲಸಕ್ಕೆ ಬರುವುದಿಲ್ಲ. ಹೋಮ್‌ಸ್ಟೇ ಪುಟದ ಪೂರ್ತಿ ವಿಳಾಸ ಮತ್ತು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ನ್ಯಾಯಾಲಯದಲ್ಲಿ ಇದನ್ನು ಹಾಜರುಪಡಿಸಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯನ್ನೂ (ಫೈಲಿನ ಬೆರಳಚ್ಚಿನಂತಿರುವ ಗುರುತು) ನಮೂದಿಸಬೇಕು.

ಇಷ್ಟಾದ ಮೇಲೆ ಹೋಮ್‌ಸ್ಟೇ ಮಾಲೀಕರಿಗೆ ಒಂದು ಪತ್ರ, ಜಾಹೀರಾತು ಇರುವ ಜಾಲತಾಣಕ್ಕೆ ಒಂದು ಲಿಖಿತ ದೂರು. 2013ರ ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮದಂತೆ ಸರಿಯಾದ ದೂರು ತಲುಪಿದ 36 ಗಂಟೆಯೊಳಗೆ ಜಾಲತಾಣ ಆ ವಸ್ತುವನ್ನು ತಡೆಹಿಡಿಯಬೇಕು. ಆದರೆ ಆ ತಡೆ 21 ದಿನಗಳದ್ದು. ಅಷ್ಟರೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಜಾಲತಾಣ ಅದನ್ನು ಮತ್ತೆ ತೆರೆಯಬಹುದು. ಒಂದು ಫೋಟೊಗಾಗಿ 21 ದಿನಗಳಲ್ಲಿ ದಾವೆ ಹೂಡಿ ತಡೆಯಾಜ್ಞೆ ತರುವ ಫೋಟೊಗ್ರಾಫರ್ ಎಷ್ಟು ಮಂದಿ ಸಿಕ್ಕಾರು? ಕಾಯ್ದೆ ಇಲ್ಲಿ ದೊಡ್ಡ ಕಂಪನಿಯ ವಕೀಲರ ವೇಗವನ್ನು ಲೆಕ್ಕ ಹಿಡಿದಂತಿದೆ.

ಛತ್ರದಲ್ಲಿ ಮದುವೆಗೆ ಸಿನಿಮಾ ಹಾಡು ಹಾಕಿದರೆ ಹಣ ಕಟ್ಟಬೇಕೆಂದು ಕೇಳುತ್ತಾರೆ. ಕೊಡಬೇಕೇ?

ಮದುವೆಯ ಭಾಗವಾಗಿ ಹಾಕಿದ ಹಾಡಿಗೆ ಕೊಡಬೇಕಾಗಿಲ್ಲ. 52ನೇ ಕಲಮಿನಲ್ಲಿ ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಇದೆ. ಮದುವೆ ದಿಬ್ಬಣ ಮತ್ತು ಮದುವೆಗೆ ಸೇರಿದ ಸಾಮಾಜಿಕ ಸಂಭ್ರಮಗಳೂ ಅದರಲ್ಲಿ ಸೇರುತ್ತವೆಂದು ಅಲ್ಲಿಯೇ ವಿವರಣೆ ಇದೆ. 2023ರ ಜುಲೈನಲ್ಲಿ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಇದನ್ನೇ ಮತ್ತೊಮ್ಮೆ ಹೇಳಿತು. ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಅಧಿಕೃತ ಸಮಾರಂಭಗಳಿಗೂ ವಿನಾಯಿತಿ ಇರುವುದರಿಂದ, ತಾಲ್ಲೂಕು ಆಡಳಿತದ ರಾಜ್ಯೋತ್ಸವಕ್ಕೂ ಈ ಚಿಂತೆ ಬೇಡ.

ವಿನಾಯಿತಿ ಛತ್ರದ ಬಾಗಿಲಿಗೆ ನಿಲ್ಲುತ್ತದೆ. ಅದೇ ಹಾಡು ಹಿನ್ನೆಲೆಯಲ್ಲಿರುವ ಮದುವೆ ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕಿದರೆ ಅದು ಬೇರೆಯದೇ ಬಳಕೆ.

ನಾನೇ ಹಾಡಿದ ದಾಸರ ಪದಕ್ಕೆ ಯೂಟ್ಯೂಬ್‌ನಲ್ಲಿ ಕಾಪಿರೈಟ್ ಕ್ಲೇಮ್ ಬಂದಿದೆ. ಇದೆಂಥ ನ್ಯಾಯ?

ಪುರಂದರದಾಸರು 16ನೇ ಶತಮಾನದವರು. ಅವರ ಪದಗಳ ಸಾಹಿತ್ಯದ ಮೇಲೆ ಇಂದು ಯಾರಿಗೂ ಕೃತಿಸ್ವಾಮ್ಯ ಇಲ್ಲ. ಆದರೂ ಮೂರು ಸಂಗತಿಗಳನ್ನು ಬಿಡಿಸಿ ನೋಡಬೇಕು. ಪದ ದಾಸರದಾದರೂ ಈಗ ಪ್ರಚಾರದಲ್ಲಿರುವ ಧಾಟಿಯನ್ನು ಇಪ್ಪತ್ತನೇ ಶತಮಾನದ ಸಂಗೀತಗಾರರೊಬ್ಬರು ಕೂಡಿಸಿದ್ದರೆ ಆ ಸ್ವರಸಂಯೋಜನೆಗೆ ಹಕ್ಕು ಇರಬಹುದು. ಶ್ರುತಿಪೆಟ್ಟಿಗೆ, ತಬಲಾ ಇಟ್ಟುಕೊಂಡು ಹಾಡಿದ್ದೀರೋ ಅಥವಾ ಎಲ್ಲಿಂದಲೋ ಇಳಿಸಿಕೊಂಡ ಕರೋಕೆ ಟ್ರ್ಯಾಕ್ ಮೇಲೆ ಹಾಡಿದ್ದೀರೋ ಎಂಬುದು ಎರಡನೆಯದು. ಟ್ರ್ಯಾಕ್ ಕೂಡ ಒಂದು ಧ್ವನಿಮುದ್ರಣ, ಅದಕ್ಕೊಬ್ಬ ಒಡೆಯ ಇರುತ್ತಾನೆ. ಇವೆರಡೂ ಇಲ್ಲದಿದ್ದರೆ, ನಿಮ್ಮ ಹಾಡಿಕೆ ಯಾವುದೋ ಕಂಪನಿಯ ಧ್ವನಿಮುದ್ರಣವನ್ನು ಹೋಲುತ್ತದೆಂದು ಯೂಟ್ಯೂಬ್‌ನ ಯಂತ್ರ ಲೆಕ್ಕ ಹಾಕಿದೆ ಎಂದರ್ಥ. ಒಂದೇ ಪದವನ್ನು ಒಂದೇ ರಾಗದಲ್ಲಿ ನೂರು ಮಂದಿ ಹಾಡುವ ಸಂಪ್ರದಾಯ ನಮ್ಮದು. ಯಂತ್ರಕ್ಕೆ ಸಂಪ್ರದಾಯ ತಿಳಿಯದು.

ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಂದರೆ ಸಾಮಾನ್ಯವಾಗಿ ವಿಡಿಯೊ ಉಳಿಯುತ್ತದೆ, ಜಾಹೀರಾತಿನ ಹಣ ಕ್ಲೇಮ್ ಮಾಡಿದವರಿಗೆ ಹೋಗುತ್ತದೆ. ನೀವು ಆಕ್ಷೇಪ ಸಲ್ಲಿಸಿದರೆ ಅವರಿಗೆ ಉತ್ತರಿಸಲು 30 ದಿನ ಇರುತ್ತದೆ. ಸ್ಟ್ರೈಕ್ ಬಂದರೆ ವಿಡಿಯೊವೇ ಹೋಗುತ್ತದೆ. 90 ದಿನಗಳೊಳಗೆ ಮೂರು ಬಂದರೆ ಚಾನೆಲ್ಲನ್ನೇ ಕಳೆದುಕೊಳ್ಳಬೇಕಾದೀತು. ಸ್ಟ್ರೈಕ್‌ಗೆ ಉತ್ತರವಾಗಿ ಪ್ರತಿ-ಅರ್ಜಿ (ಕೌಂಟರ್ ನೋಟಿಫಿಕೇಶನ್) ಸಲ್ಲಿಸಬಹುದು. ಆ ಅರ್ಜಿಯಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ ಬರೆಯಬೇಕು, ಅವು ಎದುರು ಪಕ್ಷಕ್ಕೆ ಹೋಗುತ್ತವೆ. ಜೊತೆಗೆ ಅಮೆರಿಕದ ನ್ಯಾಯಾಲಯದ ಅಧಿಕಾರವ್ಯಾಪ್ತಿಗೆ ಒಪ್ಪಿದ್ದೇನೆ ಎಂದು ಟಿಕ್ ಹಾಕಬೇಕು, ಏಕೆಂದರೆ ಈ ಇಡೀ ವ್ಯವಸ್ಥೆ ನಿಂತಿರುವುದು 1998ರ ಅಮೆರಿಕದ ಕಾನೂನಿನ ಮೇಲೆ. ಹೊಳೆನರಸೀಪುರದ ಭಜನಾ ಮಂಡಳಿಯ ಕಾರ್ಯದರ್ಶಿ ಆ ಸಾಲು ಓದಿದೊಡನೆ ಮೊಬೈಲ್ ಕೆಳಗಿಟ್ಟುಬಿಟ್ಟರೆ ತಪ್ಪು ಹೇಳಲಾಗದು. ಹಕ್ಕು ನಿಮ್ಮದೇ ಆಗಿರುವಾಗ ಸಾಮಾನ್ಯ ಆಕ್ಷೇಪ ಸಲ್ಲಿಸಲು ಹೆದರಬೇಕಾಗಿಲ್ಲ. ಸ್ಟ್ರೈಕ್‌ನ ಪ್ರತಿ-ಅರ್ಜಿಯನ್ನು ಮಾತ್ರ ತಿಳಿದವರೊಬ್ಬರಿಗೆ ತೋರಿಸಿ ಸಲ್ಲಿಸಿ.

ತಪ್ಪು ಕ್ಲೇಮ್ ಮಾಡಿದವರಿಗೆ ನಮ್ಮ ಕಾಯ್ದೆಯಲ್ಲಿ ಸುಲಭದ ದಂಡ ಇಲ್ಲ. ತಿದ್ದುಪಡಿಯಾಗುವುದಾದರೆ ಇದು ಮೊದಲ ಸಾಲಿನಲ್ಲಿ ಬರಬೇಕೆಂದು ನಮ್ಮ ಅಭಿಪ್ರಾಯ.

ಹಿಂದೆ ಕ್ಯಾಸೆಟ್ ಕಂಪನಿಗೆ ಹಾಡಿದ್ದೆ. ಈಗ ಅದೇ ಹಾಡುಗಳು ಎಲ್ಲ ಆ್ಯಪ್‌ಗಳಲ್ಲಿಯೂ ಕೇಳುತ್ತವೆ, ನನಗೆ ಒಂದು ಪೈಸೆ ಬಂದಿಲ್ಲ.

ಹಳೆಯ ಕರಾರು ಪತ್ರ ಹುಡುಕಿ ತೆಗೆಯಿರಿ. ಅದರ ತಾರೀಖು ನೋಡಿ. 1995ರ ಮೇ 10ರ ನಂತರದ ಪತ್ರವಾದರೆ ಎರಡು ಮುಖ್ಯ ನಿಯಮಗಳು ನಿಮ್ಮ ನೆರವಿಗೆ ಬರುತ್ತವೆ: ಹಕ್ಕು ವರ್ಗಾವಣೆಯ ಅವಧಿ ಬರೆದಿಲ್ಲವಾದರೆ ಅದು ಐದು ವರ್ಷಕ್ಕೆ ಮಾತ್ರ, ಪ್ರದೇಶ ಬರೆದಿಲ್ಲವಾದರೆ ಭಾರತಕ್ಕೆ ಮಾತ್ರ. ಅದಕ್ಕಿಂತ ಹಿಂದಿನ ಪತ್ರಗಳಿಗೆ ಇವು ಅನ್ವಯಿಸುವುದಿಲ್ಲ. 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕರಾರಿನ ಕಾಲಕ್ಕೆ ಬಳಕೆಯಲ್ಲಿಲ್ಲದ ಮಾಧ್ಯಮವನ್ನು ಕರಾರು ಹೆಸರಿಸಿ ಹೇಳದಿದ್ದರೆ ಆ ಮಾಧ್ಯಮದ ಹಕ್ಕು ವರ್ಗಾವಣೆಯಾಗದು ಎಂದಿತು. 2012ಕ್ಕೂ ಮುಂಚಿನ ಪತ್ರಕ್ಕೆ ಈ ರಕ್ಷಣೆಯನ್ನು ನೇರವಾಗಿ ಹಚ್ಚುವುದು ಕಷ್ಟ. ಅಲ್ಲಿ ಪತ್ರದಲ್ಲಿ ಬರೆದ ಮಾತುಗಳೇ ಆಧಾರ. "ಕ್ಯಾಸೆಟ್ ತಯಾರಿಕೆಗಾಗಿ" ಎಂದಷ್ಟೇ ಇರುವುದಕ್ಕೂ "ಎಲ್ಲ ರೂಪಗಳಲ್ಲಿ, ಶಾಶ್ವತವಾಗಿ" ಎಂದಿರುವುದಕ್ಕೂ ಅಜಗಜಾಂತರ.

ಪದ ಬರೆದವರು ಅಥವಾ ರಾಗ ಕೂಡಿಸಿದವರು ನೀವಾಗಿದ್ದರೆ ಸ್ಥಾನ ಇನ್ನೂ ಗಟ್ಟಿ, ಏಕೆಂದರೆ 2012ರ ನಂತರ ಅಂಥವರ ರಾಯಲ್ಟಿ ಹಕ್ಕನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ (ಹಕ್ಕುದಾರರ ಪರವಾಗಿ ರಾಯಲ್ಟಿ ಸಂಗ್ರಹಿಸುವ ಸಂಸ್ಥೆ) ಹೊರತು ಬೇರೆಯವರಿಗೆ ಬರೆದುಕೊಡಲು ಬರುವುದಿಲ್ಲ. ಕೋಲಾಟದ ಪದ, ಸೋಬಾನೆ ಮುಂತಾದ ಜನಪದ ಹಾಡುಗಳಿಗೆ ಕೃತಿಕಾರನಿಲ್ಲ; ಆದರೆ ಹಾಡಿದವರಿಗೆ ಪ್ರದರ್ಶಕರ ಹಕ್ಕು ಇದೆ, ಅದು 50 ವರ್ಷ ಇರುತ್ತದೆ. ಸೋಬಾನೆ ಹಾಡುವ ಅಜ್ಜಿಯ ಎದುರು ಮೊಬೈಲ್ ಹಿಡಿದು ಮುದ್ರಿಸಿಕೊಳ್ಳುವವರು ಆಕೆಯ ಒಪ್ಪಿಗೆ ಪಡೆಯಬೇಕು ಎಂಬುದಕ್ಕೆ ಇದೇ ಆಧಾರ.

ನಮ್ಮ ಜಿಲ್ಲೆಯ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಾಕಬಹುದೇ?

ಲೇಖಕರು ತೀರಿಕೊಂಡ ವರ್ಷಕ್ಕೆ 60 ಕೂಡಿಸಿ. ಬಂದ ವರ್ಷದ ಡಿಸೆಂಬರ್ 31ರವರೆಗೆ ಹಕ್ಕು ಇರುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ತೀರಿಕೊಂಡದ್ದು 1991ರಲ್ಲಿ, ಅವರ ಕೃತಿಗಳ ಅವಧಿ 2051ರ ಕೊನೆಯವರೆಗೆ. ಕುವೆಂಪು 1994, ಆದ್ದರಿಂದ 2054. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ 2007, ಆದ್ದರಿಂದ 2067. ಇವರ ಪುಸ್ತಕಗಳ ಪಿಡಿಎಫ್ ಎಷ್ಟು ಗುಂಪುಗಳಲ್ಲಿ ಓಡಾಡಿದರೂ ಅದು ಹಕ್ಕಿನ ಉಲ್ಲಂಘನೆಯೇ. ಇನ್ನೊಂದು ಕಡೆ, 1965ರಲ್ಲಿ ತೀರಿಕೊಂಡವರ ಕೃತಿಗಳು 2026ರ ಜನವರಿ 1ರಿಂದ ಮುಕ್ತ.

ಶಾಸನಗಳ ವಿಷಯದಲ್ಲಿ ಅನಗತ್ಯ ಅಂಜಿಕೆ ಕಾಣುತ್ತದೆ. ಹಲ್ಮಿಡಿ ಶಾಸನದ ಪಾಠಕ್ಕೆ ಯಾವ ಒಡೆಯನೂ ಇಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಕಡೂರು ಜಿಲ್ಲೆಯ ಸಂಪುಟ 1901ರದು, ಹಾಸನ ಜಿಲ್ಲೆಯದು 1902ರದು; ರೈಸ್ 1927ರಲ್ಲಿ ತೀರಿಕೊಂಡರು. ಅವನ್ನು ಧಾರಾಳವಾಗಿ ಹಾಕಬಹುದು. ಅವುಗಳ ನಂತರದ ಪರಿಷ್ಕೃತ ಸಂಪುಟಗಳಲ್ಲಿನ ಹೊಸ ಪೀಠಿಕೆ, ಟಿಪ್ಪಣಿ, ಫೋಟೊಗಳಿಗೆ ಮಾತ್ರ ಬೇರೆ ಲೆಕ್ಕ ಹಾಕಬೇಕು. ಬೇಲೂರಿನ ಶಿಲಾಬಾಲಿಕೆಗೆ ಕೃತಿಸ್ವಾಮ್ಯ ಇಲ್ಲ, ನೀವು ತೆಗೆದ ಅವಳ ಫೋಟೊಗೆ ಇದೆ.

ಅವಧಿ ಮೊದಲು 50 ವರ್ಷವಿತ್ತು; ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯಲಿದ್ದ ಸಂದರ್ಭದಲ್ಲಿ ಅದನ್ನು 60ಕ್ಕೆ ಏರಿಸಲಾಯಿತು. ಒಬ್ಬ ಮಹಾಕವಿಗಾಗಿ ಮಾಡಿದ ವಿಸ್ತರಣೆಯಿಂದ ಮರುಮುದ್ರಣ ಕಾಣದ ಸಾವಿರಾರು ಪುಸ್ತಕಗಳೂ ಹತ್ತು ವರ್ಷ ಹೆಚ್ಚಿಗೆ ಬೀಗದೊಳಗೆ ಉಳಿದವು.

ಲೇಖಕರು ಯಾರು, ವಾರಸುದಾರರು ಎಲ್ಲಿದ್ದಾರೆ ಎಂದೇ ಗೊತ್ತಾಗದ ಪುಸ್ತಕಗಳ ಗತಿ ಏನು?

ಅರಸೀಕೆರೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾದ ಸ್ಥಳಪುರಾಣ, ಪ್ರಕಾಶನ ನಿಂತುಹೋಗಿದೆ, ಲೇಖಕರ ಮಕ್ಕಳ ಸುಳಿವಿಲ್ಲ ಎಂದು ಇಟ್ಟುಕೊಳ್ಳಿ. ಇಂಥ ಕೃತಿಗಳಿಗಾಗಿಯೇ 31ಎ ಕಲಂ ಇದೆ. ಅರ್ಜಿ ಹಾಕಿ ಪರವಾನಗಿ ಪಡೆಯಬಹುದು. ಆದರೆ ಅರ್ಜಿಗೂ ಮೊದಲು ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಅನುವಾದವಾಗುವ ಭಾಷೆಯ ಪತ್ರಿಕೆಯಲ್ಲಿಯೂ ಕೊಡಬೇಕೆಂಬ ಮಾತು ಅನುವಾದದ ಅರ್ಜಿಗೆ ಮಾತ್ರ ಇದೆ. ಕನ್ನಡದ ಸ್ಥಳಪುರಾಣದ ವಾರಸುದಾರರು ದೆಹಲಿಯ ಇಂಗ್ಲಿಷ್ ಪತ್ರಿಕೆಯ ವರ್ಗೀಕೃತ ಜಾಹೀರಾತು ಓದುತ್ತಿರುತ್ತಾರೆಂದು ಕಾಯ್ದೆ ಬರೆದವರು ಹೇಗೆ ನಂಬಿದರೋ! ಅರ್ಜಿಗಳನ್ನು ವಿಚಾರಿಸುತ್ತಿದ್ದ ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ರದ್ದುಪಡಿಸಿದ ಮೇಲೆ ಇವು ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬೇಕು. ನೂರು ರೂಪಾಯಿಯ ಪುಸ್ತಕಕ್ಕೆ ಇಷ್ಟೆಲ್ಲ ಖರ್ಚು ಮಾಡುವವರಿಲ್ಲದ ಕಾರಣ ಪುಸ್ತಕಗಳು ಗೆದ್ದಲಿನ ಪಾಲಾಗುತ್ತಿವೆ. ಕನ್ನಡ ಪತ್ರಿಕೆಯಲ್ಲೊಂದು ಪ್ರಕಟಣೆ, ಒಂದು ಸಾರ್ವಜನಿಕ ಜಾಲತಾಣದಲ್ಲಿ ಆರು ತಿಂಗಳ ಸೂಚನೆ, ವಾರಸುದಾರರು ಬಂದರೆ ಕೊಡಲು ಸಣ್ಣ ಮೊತ್ತದ ಠೇವಣಿ: ಇಷ್ಟರಲ್ಲಿ ಮುಗಿಯಬೇಕಾದ ಕೆಲಸವಿದು.

ಅಲ್ಲಿಯವರೆಗೆ ಒಂದು ದಾರಿ ಇದೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಿ ಇರುವ ಪುಸ್ತಕವನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳಬಹುದು ಅಷ್ಟೇ, ಎಲ್ಲರಿಗೂ ಸಿಗುವಂತೆ ಜಾಲದಲ್ಲಿ ಹಾಕಲು ಅದರಿಂದ ಅನುಮತಿ ಸಿಗುವುದಿಲ್ಲ.

ಶಿಕ್ಷಕರು ಪುಸ್ತಕದ ಪುಟಗಳನ್ನು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಬಹುದೇ?

ಪಾಠದ ಅಗತ್ಯಕ್ಕೆ ತಕ್ಕಷ್ಟು ಕಳುಹಿಸಿದರೆ 52ನೇ ಕಲಂ ಶಿಕ್ಷಕರ ಬೆನ್ನಿಗಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ ದಾವೆಯಲ್ಲಿ 2016ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ಬೋಧನೆಯ ಭಾಗವಾಗಿ ಮಾಡಿದ ಪ್ರತಿಗಳಿಗೆ ಈ ವಿನಾಯಿತಿಯನ್ನು ಉದಾರವಾಗಿಯೇ ಓದಿತು. ಆನ್‌ಲೈನ್ ಪಾಠಕ್ಕೂ ಅದು ಅಷ್ಟೇ ನಿಚ್ಚಳವಾಗಿ ಅನ್ವಯಿಸುವುದೆಂದು ಕಾಯ್ದೆಯಲ್ಲಿ ಬರೆದಿಲ್ಲ, ಬರೆಯಬೇಕು. ಕೋಚಿಂಗ್ ಕೇಂದ್ರವೊಂದರ ಪೂರ್ತಿ ನೋಟ್ಸನ್ನು ಟೆಲಿಗ್ರಾಂ ಚಾನೆಲ್ಲಿಗೆ ಹಾಕುವುದು ಮಾತ್ರ ಪಾಠವಲ್ಲ. ಅಂಥ ಚಾನೆಲ್ ನಡೆಸುವವರ ವಿವರ ಬಹಿರಂಗಪಡಿಸುವಂತೆ 2022ರಲ್ಲಿ ಅದೇ ಹೈಕೋರ್ಟ್ ಟೆಲಿಗ್ರಾಂಗೆ ಆದೇಶಿಸಿತು.

ಕಾಪಿರೈಟ್ ಉಲ್ಲಂಘನೆ ಎಂದು ಬೆದರಿಸಿ ಹಣ ಕೇಳುವ ನೋಟಿಸ್ ಬಂದರೆ?

ಗಾಬರಿಯಾಗಿ ಹಣ ಹಾಕಬೇಡಿ, ನೋಟಿಸನ್ನು ಕಡೆಗಣಿಸಲೂ ಬೇಡಿ. ಹಕ್ಕು ನಿಮ್ಮದು ಎಂಬುದಕ್ಕೆ ದಾಖಲೆ ಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಆಧಾರವಿಲ್ಲದ ಬೆದರಿಕೆಯ ವಿರುದ್ಧ ನೀವೇ ದಾವೆ ಹೂಡಿ, ಬೆದರಿಕೆ ನಿಲ್ಲಿಸುವ ಆದೇಶವನ್ನೂ ನಷ್ಟ ಪರಿಹಾರವನ್ನೂ ಕೇಳಲು 60ನೇ ಕಲಂ ಅವಕಾಶ ಕೊಡುತ್ತದೆ.

ಹಕ್ಕು ಸಾಧಿಸಲು ಬೆಂಗಳೂರು, ಮುಂಬೈಗೆ ಅಲೆಯಬೇಕೇ?

ಬೇಡ. 62ನೇ ಕಲಮಿನ ಪ್ರಕಾರ ಹಕ್ಕುದಾರರು ತಾವು ವಾಸವಿರುವ ಅಥವಾ ವ್ಯವಹಾರ ನಡೆಸುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ ದಾವೆ ಹೂಡಬಹುದು. ಇದು ಕಾಯ್ದೆಯ ಅತ್ಯಂತ ಜನಪರ ಸಾಲುಗಳಲ್ಲಿ ಒಂದು.

ಕೃತಕ ಬುದ್ಧಿಮತ್ತೆ ನನ್ನ ಕಥೆಗಳನ್ನು ನುಂಗಿ ಬರೆಯಲು ಕಲಿಯುತ್ತಿದೆ. ಅದಕ್ಕೆ ತಡೆ ಇಲ್ಲವೇ?

ಕೃತಿಗಳನ್ನು ಯಂತ್ರದ ತರಬೇತಿಗೆ ಬಳಸುವುದು ಉಲ್ಲಂಘನೆಯೋ ಅಲ್ಲವೋ ಎಂಬ ಮಾತು ಕಾಯ್ದೆಯಲ್ಲಿ ಇಲ್ಲ. ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್ಎಐ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಹೂಡಿದ ದಾವೆ ಈ ಪ್ರಶ್ನೆಯನ್ನೇ ಎತ್ತಿದೆ. ಕೇಂದ್ರ ಸರ್ಕಾರ 2025ರಲ್ಲಿ ನೇಮಿಸಿದ ಸಮಿತಿ, ತರಬೇತಿಗೆ ಕಡ್ಡಾಯ ಪರವಾನಗಿ ನೀಡಿ ಪ್ರತಿಯಾಗಿ ರಾಯಲ್ಟಿ ಸಂಗ್ರಹಿಸುವ ಮಾದರಿಯನ್ನು ತನ್ನ ಕರಡಿನಲ್ಲಿ ಮುಂದಿಟ್ಟಿತು. ಕೇಳಲು ಚೆನ್ನಾಗಿದೆ. ಆದರೆ ಕೂಡಿಬಿದ್ದ ಹಣದಲ್ಲಿ ಕೊಪ್ಪದ ಕಥೆಗಾರರೊಬ್ಬರ ಪಾಲು ಎಷ್ಟೆಂದು ಅಳೆಯುವವರು ಯಾರು, ಕನ್ನಡಕ್ಕೆ ಪ್ರತ್ಯೇಕ ಲೆಕ್ಕ ಇರುತ್ತದೆಯೇ ಎಂಬುದು ತೀರ್ಮಾನವಾಗದೆ ಈ ಮಾದರಿಯನ್ನು ಒಪ್ಪಿಬಿಡುವುದು ಜಾಣತನವಲ್ಲ. ಇನ್ನು, ಗಾಯಕರ ಧ್ವನಿಯನ್ನೇ ನಕಲು ಮಾಡುವುದನ್ನು ಬಾಂಬೆ ಹೈಕೋರ್ಟ್ 2024ರಲ್ಲಿ ಅರಿಜಿತ್ ಸಿಂಗ್ ಪ್ರಕರಣದಲ್ಲಿ ವ್ಯಕ್ತಿತ್ವದ ಹಕ್ಕಿನ (ತಮ್ಮ ಹೆಸರು, ಮುಖ, ಧ್ವನಿಯ ಮೇಲೆ ಇರುವ ಹಕ್ಕು) ಆಧಾರದ ಮೇಲೆ ತಡೆಯಿತು.

ಶಿಕ್ಷೆ ಹೆಚ್ಚಿಸಿದರೆ ಕಳ್ಳತನ ನಿಲ್ಲುವುದಿಲ್ಲವೇ?

ಶಿಕ್ಷೆ ಈಗಲೇ ಸಾಕಷ್ಟಿದೆ: ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇದು ಜಾಮೀನು ರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಥಿಯೇಟರಿನಲ್ಲಿ ಸಿನಿಮಾ ಮುದ್ರಿಸಿಕೊಳ್ಳುವವರಿಗೆ 2023ರಲ್ಲಿ ಬೇರೆ ಕಾನೂನಿನಡಿ ಶಿಕ್ಷೆ ಬಂತು. ನಮ್ಮ ರಾಜ್ಯವಂತೂ 2014ರಲ್ಲಿ ಗೂಂಡಾ ಕಾಯ್ದೆಯೊಳಗೇ ಡಿಜಿಟಲ್ ಅಪರಾಧಿಗಳನ್ನು ಸೇರಿಸಿದೆ. ಇಷ್ಟಾದರೂ ಸಿನಿಮಾ ಬಿಡುಗಡೆಯಾದ ದಿನವೇ ಟೆಲಿಗ್ರಾಂನಲ್ಲಿ ಸಿಗುತ್ತದೆ. ಆದ್ದರಿಂದ ಹೊಸ ತಿದ್ದುಪಡಿ ಸೆರೆವಾಸದ ವರ್ಷಗಳನ್ನು ಏರಿಸುವುದರಲ್ಲಿ ಮುಗಿಯಬಾರದು. ಸಣ್ಣ ಮೊತ್ತದ ತಕರಾರುಗಳಿಗೆ ಜಿಲ್ಲಾ ಮಟ್ಟದಲ್ಲಿ ಕನ್ನಡದಲ್ಲಿಯೇ ಅರ್ಜಿ ಹಾಕಿ ಕೆಲವೇ ವಾರಗಳಲ್ಲಿ ತೀರ್ಮಾನ ಪಡೆಯುವ ವ್ಯವಸ್ಥೆ, ತಪ್ಪು ದೂರು ಕೊಟ್ಟವರಿಗೆ ವೆಚ್ಚ ಕಟ್ಟಿಸುವ ಅಧಿಕಾರ, ಬೋಧನೆ ಮತ್ತು ಗ್ರಂಥಾಲಯಗಳ ವಿನಾಯಿತಿಯನ್ನು ಆನ್‌ಲೈನ್‌ಗೂ ಬರೆದಿಡುವುದು, ಇವು ಬೇಕು. ಸಂಸತ್ತಿನ ವಾಣಿಜ್ಯ ಸ್ಥಾಯಿ ಸಮಿತಿ 2021ರ ವರದಿಯಲ್ಲಿಯೇ 52ನೇ ಕಲಮಿನ ವಿನಾಯಿತಿಗಳನ್ನು ಡಿಜಿಟಲ್ ಕಾಲಕ್ಕೆ ತಕ್ಕಂತೆ ನೋಡಬೇಕೆಂದಿತ್ತು.

ಉಯಿಲಿನಲ್ಲಿ ಕೃತಿಸ್ವಾಮ್ಯವನ್ನೂ ಬರೆಯಬಹುದೇ?

ಬರೆಯಬಹುದು, ಬರೆಯಲೇಬೇಕು. ಈ ಭಾಗದ ಉಯಿಲುಗಳಲ್ಲಿ ತೋಟದ ಸರ್ವೆ ನಂಬರು, ಮನೆ, ಒಡವೆ ಎಲ್ಲ ಬರುತ್ತವೆ. ಪುಸ್ತಕ, ಫೋಟೊ, ಹಾಡುಗಳ ಮಾತು ಬರುವುದಿಲ್ಲ. ಆಗ ಹಕ್ಕು ಎಲ್ಲ ವಾರಸುದಾರರಿಗೂ ಹಂಚಿಹೋಗುತ್ತದೆ, ಮರುಮುದ್ರಣ ಕೇಳಿ ಬಂದ ಪ್ರಕಾಶಕರು ನಾಲ್ಕು ಊರುಗಳಲ್ಲಿರುವ ಆರು ಮಂದಿಯ ಸಹಿ ಹುಡುಕಬೇಕಾಗುತ್ತದೆ. ಕೃತಿಗಳ ಪಟ್ಟಿ, ಪ್ರಕಾಶಕರೊಡನೆ ಮಾಡಿಕೊಂಡ ಕರಾರುಗಳ ಪ್ರತಿ, ಹಕ್ಕು ಯಾರಿಗೆ ಸೇರಬೇಕೆಂಬ ಒಂದು ವಾಕ್ಯ, ಯೂಟ್ಯೂಬ್ ಚಾನೆಲ್ ಇದ್ದರೆ ಅದನ್ನು ಯಾರು ನೋಡಿಕೊಳ್ಳಬೇಕೆಂಬ ಇನ್ನೊಂದು ವಾಕ್ಯ ಇದ್ದರೆ ಸಾಕು. ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಡುವ ಮನಸ್ಸಿದ್ದರೆ 21ನೇ ಕಲಮಿನಂತೆ ರಿಜಿಸ್ಟ್ರಾರರಿಗೆ ನೋಟಿಸ್ ಕೊಟ್ಟು ಅಥವಾ ಸಾರ್ವಜನಿಕ ಪ್ರಕಟಣೆಯ ಮೂಲಕ, ಬದುಕಿರುವಾಗಲೇ ಹಕ್ಕನ್ನು ತ್ಯಜಿಸಬಹುದು.